ಎರಡನೆಯ ಗಾಳಿಗೆ ಮುನ್ನ

ಬಿರುಗಾಳಿಯಿಂದ ಕಟ್ಟಡವೊಂದಕ್ಕೆ ಆಗುವ ನಷ್ಟವನ್ನು ಲೆಕ್ಕ ಹಾಕುವಾಗ ಗಾಳಿ ಬೀಸಿದ ಆ ಕೆಲವು ಗಂಟೆಗಳನ್ನಷ್ಟೇ ಗಮನಿಸುವುದು ರೂಢಿ. ಆದರೆ ಗಾಜು ಒಡೆದ ಕಿಟಕಿ, ಕಿತ್ತುಹೋದ ಬಾಗಿಲು, ಹಾರಿಹೋದ ಛಾವಣಿಯ ತುಂಡು ಇವುಗಳಿಂದ ಉಂಟಾದ ಬಾಯಿಗಳ ಮೂಲಕ ಮುಂದಿನ ದಿನಗಳಲ್ಲಿ ಮಳೆನೀರು, ತೇವ, ಕಳ್ಳರು ಮತ್ತು ಇನ್ನೊಂದು ಗಾಳಿ ಒಳಹೊಕ್ಕು ಮಾಡುವ ಹಾನಿಯು ಎಷ್ಟೋ ಸಂದರ್ಭಗಳಲ್ಲಿ ಮೊದಲ ಪೆಟ್ಟನ್ನೂ ಮೀರಿಸುತ್ತದೆ. ಈ ಎರಡನೆಯ ಹಾನಿಯನ್ನು ತಡೆಯಲು ಕಿಟಕಿ ಬಾಗಿಲುಗಳಿಗೆ ಪ್ಲೈವುಡ್ ಹಲಗೆ ಹೊಡೆಯುವುದು, ಛಾವಣಿಗೆ ಟಾರ್ಪಾಲು ಬಿಗಿಯುವುದು ಮುಂತಾದ ಕೆಲಸಗಳನ್ನು ಒಟ್ಟಾಗಿ ತಾತ್ಕಾಲಿಕ ಭದ್ರತೆ ಎಂದು ಕರೆಯಬಹುದು. ಕೈಗೆ ಸಿಕ್ಕಿದ ತಗಡನ್ನೋ ಹಲಗೆಯನ್ನೋ ತಂದು ನಾಲ್ಕು ಮೊಳೆ ಹೊಡೆದರೆ ಮುಗಿಯುವ ಕೆಲಸ ಇದು ಎಂಬ ಭಾವನೆ ವ್ಯಾಪಕವಾಗಿದ್ದರೂ, ಶಾಶ್ವತ ಗೋಡೆಯ ಮೇಲೆ ಬೀಳುವ ಒತ್ತಡವೇ ಆ ಹಲಗೆಯ ಮೇಲೂ ಬೀಳುತ್ತದೆ ಎಂಬುದನ್ನು ಅರಿತರೆ ಇದರ ಹಿಂದಿರುವ ವಿಜ್ಞಾನಕ್ಕೆ ಎಷ್ಟು ಗಮನ ಸಲ್ಲಬೇಕು ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯ ಗಾಳಿ ಎಂಬುದು ಬರಿಯ ಊಹೆಯಲ್ಲ ಎನ್ನುವುದಕ್ಕೆ ಅಮೆರಿಕದ ಫ್ಲಾರಿಡಾ ರಾಜ್ಯದ 2004ರ ಅನುಭವಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಆ ವರ್ಷ ಆಗಸ್ಟ್ 13ರಂದು ಚಾರ್ಲಿ ಎಂಬ ಚಂಡಮಾರುತವು ರಾಜ್ಯದ ನೈರುತ್ಯ ಕರಾವಳಿಗೆ ಅಪ್ಪಳಿಸಿತು. ಸೆಪ್ಟೆಂಬರ್ 5ರಂದು ಫ್ರಾನ್ಸಸ್ ಪೂರ್ವ ಕರಾವಳಿಯ ಹಚಿನ್ಸನ್ ದ್ವೀಪದ ಬಳಿ ದಡ ಸೇರಿತು. ಸೆಪ್ಟೆಂಬರ್ 16ರಂದು ಐವನ್ ಪಕ್ಕದ ಅಲಬಾಮಾದಲ್ಲಿ ದಡ ಸೇರಿದರೂ ಫ್ಲಾರಿಡಾದ ವಾಯವ್ಯ ಭಾಗವನ್ನು ಜಜ್ಜಿಹಾಕಿತು. ಸೆಪ್ಟೆಂಬರ್ 26ರಂದು ಜೀನ್ ಎಂಬ ನಾಲ್ಕನೆಯ ಚಂಡಮಾರುತವು ಮೂರು ವಾರಗಳ ಹಿಂದೆ ಫ್ರಾನ್ಸಸ್ ಬಂದಿದ್ದ ಅದೇ ಹಚಿನ್ಸನ್ ದ್ವೀಪದ ಬಳಿಯೇ, ಅದಕ್ಕಿಂತ ಹೆಚ್ಚಿನ ವೇಗದೊಡನೆ ಬಂದಿತು. ಆ ತೀರದ ಊರುಗಳಲ್ಲಿ ಫ್ರಾನ್ಸಸ್ ಗಾಳಿಗೆ ಛಾವಣಿ ಕಳೆದುಕೊಂಡ ಮನೆಗಳಿಗೆ ಶಾಶ್ವತ ದುರಸ್ತಿ ಮಾಡಿಸಲು ಮೂರು ವಾರಗಳಲ್ಲಿ ಬಡಗಿಯೂ ಸಿಗಲಿಲ್ಲ, ಸಾಮಗ್ರಿಯೂ ಸಿಗಲಿಲ್ಲ. ಆದ್ದರಿಂದ ಜೀನ್ ಬಂದಾಗ ಅದನ್ನು ಎದುರಿಸಿದ್ದು ಎಷ್ಟೋ ಕಡೆ ತಾತ್ಕಾಲಿಕ ಹೊದಿಕೆಗಳೇ. ಭಾರತದ ಪಶ್ಚಿಮ ಕರಾವಳಿಯಲ್ಲಿ ಈ ಎರಡನೆಯ ಗಾಳಿಯ ಪಾತ್ರವನ್ನು ಮುಂಗಾರೇ ವಹಿಸುತ್ತದೆ. 2021ರ ಮೇ ಮಧ್ಯಭಾಗದಲ್ಲಿ ತೌಕ್ತೆ ಚಂಡಮಾರುತವು ಅರಬ್ಬೀ ಸಮುದ್ರದಲ್ಲಿ ಕರ್ನಾಟಕದ ತೀರಕ್ಕೆ ಸಮಾನಾಂತರವಾಗಿ ಸಾಗಿ, ದಕ್ಷಿಣ ಕನ್ನಡದಿಂದ ಉತ್ತರ ಕನ್ನಡದವರೆಗೆ ಮನೆಗಳ ಮಾಡು ಕೆಡವಿದಾಗ, ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಸುರಿಸುವ ಮಳೆಗಾಲಕ್ಕೆ ಉಳಿದಿದ್ದುದು ಸುಮಾರು ಮೂರೇ ವಾರ.

ಗಾಳಿ ಹಲಗೆಯ ಮೇಲೆ ಎಷ್ಟು ಒತ್ತಡ ಹಾಕುತ್ತದೆ ಎಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಚಲಿಸುವ ಗಾಳಿಯನ್ನು ಅಡ್ಡ ನಿಲ್ಲಿಸಿದಾಗ ಅದರ ಚಲನಶಕ್ತಿಯು ಒತ್ತಡವಾಗಿ ಮಾರ್ಪಡುತ್ತದೆ. ಭಾರತೀಯ ಮಾನಕ ಬ್ಯೂರೋ ಹೊರತಂದಿರುವ, ಕಟ್ಟಡಗಳ ಮೇಲಿನ ಗಾಳಿಯ ಭಾರವನ್ನು ಕುರಿತ ಐ.ಎಸ್. 875ರ ಮೂರನೆಯ ಭಾಗದಲ್ಲಿ ಬಳಸುವ ಸೂತ್ರದ ಪ್ರಕಾರ, ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆದ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಪ್ಯಾಸ್ಕಲ್ ಮಾನದಲ್ಲಿ ಒತ್ತಡ ದೊರೆಯುತ್ತದೆ. ಪ್ಯಾಸ್ಕಲ್ ಎಂದರೆ ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ, ಹತ್ತು ಪ್ಯಾಸ್ಕಲ್ ಎಂದರೆ ಸ್ಥೂಲವಾಗಿ ಚದರ ಮೀಟರಿಗೆ ಒಂದು ಕಿಲೋಗ್ರಾಂ ಭಾರ. ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದ ಗಾಳಿಯು 240 ಪ್ಯಾಸ್ಕಲ್ ಒತ್ತಡ ಹಾಕಿದರೆ, ಗಂಟೆಗೆ 180 ಕಿಲೋಮೀಟರ್ ವೇಗದ ಗಾಳಿಯು 1,500 ಪ್ಯಾಸ್ಕಲ್ ಹಾಕುತ್ತದೆ. ವೇಗ ಎರಡೂವರೆ ಪಟ್ಟು ಹೆಚ್ಚಿದಾಗ ಒತ್ತಡವು ಆರು ಪಟ್ಟಿಗೂ ಮೀರಿ ಏರುವುದು ವರ್ಗದ ಸಂಬಂಧದ ಫಲ. ಅದೇ ಮಾನಕವು ವಿನ್ಯಾಸಕ್ಕೆ ಆಧಾರವಾಗಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ವೇಗವನ್ನು ಸೂಚಿಸಿದೆ. ಅಂತರ ಕೇವಲ ಆರು ಮೀಟರ್ ಎನಿಸಿದರೂ ಒತ್ತಡದ ಲೆಕ್ಕದಲ್ಲಿ ಅದು ಸುಮಾರು ಶೇ. 40ರಷ್ಟು ಹೆಚ್ಚಳ.

ಆದರೆ ಗಾಳಿ ಬರಿಯ ನೂಕುವುದಿಲ್ಲ, ಎಳೆಯುವುದೂ ಉಂಟು. ಗಾಳಿಗೆ ಎದುರಾದ ಗೋಡೆಯ ಮೇಲೆ ಒತ್ತಡ ಏರುವಾಗ, ಗಾಳಿಯು ಬಾಗಿ ಹಾದುಹೋಗುವ ಪಕ್ಕದ ಗೋಡೆಗಳ ಮೇಲೆ, ಹಿಂಬದಿಯಲ್ಲಿ ಮತ್ತು ಛಾವಣಿಯ ಬಹುಭಾಗದಲ್ಲಿ ಒತ್ತಡವು ಸುತ್ತಲಿನ ವಾತಾವರಣಕ್ಕಿಂತ ಕೆಳಗಿಳಿದು ಹೀರುವ ಬಲ ಹುಟ್ಟುತ್ತದೆ. ಕಟ್ಟಡದ ಮೂಲೆಗಳಲ್ಲಿಯೂ ಛಾವಣಿಯ ಅಂಚುಗಳಲ್ಲಿಯೂ ಇದು ಅತ್ಯಂತ ತೀವ್ರ. ಹೊರಗಿನಿಂದ ಹೊಡೆದ ಹಲಗೆಯನ್ನು ಗಾಳಿ ಒಳಕ್ಕೆ ನೂಕಿದರೆ ಗೋಡೆಯೇ ಅದನ್ನು ತಡೆದು ನಿಲ್ಲಿಸುತ್ತದೆ, ಹೊರಕ್ಕೆ ಹೀರಿದರೆ ಮಾತ್ರ ಮೊಳೆಗಳ ಹಿಡಿತವಲ್ಲದೆ ಬೇರೆ ಆಸರೆ ಇರುವುದಿಲ್ಲ. ಗಾಳಿಗೆ ಎದುರಾದ ಕಿಟಕಿಗೆ ಬಲವಾಗಿ ಹೊಡೆದು ಹಿಂಬದಿಯ ಕಿಟಕಿಯ ವಿಷಯದಲ್ಲಿ ಉದಾಸೀನ ಮಾಡುವವರು ಗಮನಿಸಬೇಕಾದ ಸಂಗತಿ ಇದು.

ಕಿಟಕಿ ಒಡೆದ ಮನೆಯ ಛಾವಣಿ ಹಾರಿಹೋಗುವುದು ಏಕೆ ಎಂಬ ಪ್ರಶ್ನೆಗೆ ಉತ್ತರವು ಒಳಗಿನ ಒತ್ತಡದಲ್ಲಿದೆ. ಎಲ್ಲ ಬಾಗಿಲು ಕಿಟಕಿಗಳೂ ಭದ್ರವಾಗಿ ಮುಚ್ಚಿರುವ ಮನೆಯೊಳಗಿನ ಗಾಳಿಯ ಒತ್ತಡವು ಹೊರಗಿನ ಏರಿಳಿತಗಳಿಂದ ಹೆಚ್ಚು ಬಾಧಿತವಾಗುವುದಿಲ್ಲ. ಆದರೆ ಗಾಳಿಯ ಎದುರಿನ ಒಂದು ದೊಡ್ಡ ಕಿಟಕಿ ಬಾಯಿ ತೆರೆದರೆ ಹೊರಗಿನ ಒತ್ತಡವು ಮನೆಯನ್ನೆಲ್ಲ ತುಂಬಿ ಛಾವಣಿಯನ್ನು ಒಳಗಿನಿಂದ ಮೇಲಕ್ಕೆ ಒತ್ತುತ್ತದೆ. ಹೊರಗಿನಿಂದ ಅದೇ ಛಾವಣಿಯನ್ನು ಗಾಳಿ ಹೀರುತ್ತಿರುವುದರಿಂದ ಎರಡು ಬಲಗಳೂ ಒಂದೇ ದಿಕ್ಕಿನಲ್ಲಿ ಕೂಡಿಕೊಳ್ಳುತ್ತವೆ. ಭಾರತೀಯ ಮಾನಕವು ಗೋಡೆಯ ವಿಸ್ತೀರ್ಣದಲ್ಲಿ ತೆರಪುಗಳು ಶೇ. 5ನ್ನು ಮೀರದಿದ್ದರೆ ಒಳ ಒತ್ತಡದ ಗುಣಾಂಕವನ್ನು 0.2 ಎಂದೂ, ಶೇ. 20ನ್ನು ಮೀರಿದರೆ 0.7 ಎಂದೂ ಹಿಡಿಯುತ್ತದೆ. ಗುಣಾಂಕ ಎಂದರೆ ಗಾಳಿಯ ಪೂರ್ಣ ಒತ್ತಡದ ಎಷ್ಟು ಪಾಲು ಆ ಮೇಲ್ಮೈಯ ಮೇಲೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಸುವ ಸಂಖ್ಯೆ. ಗಂಟೆಗೆ 180 ಕಿಲೋಮೀಟರ್ ಗಾಳಿಯಲ್ಲಿ ಈ ವ್ಯತ್ಯಾಸದಿಂದಲೇ ಛಾವಣಿಯ ಪ್ರತಿ ಚದರ ಮೀಟರಿಗೆ 75 ಕಿಲೋಗ್ರಾಮಿನಷ್ಟು ಹೆಚ್ಚುವರಿ ಎತ್ತುಬಲ ಬರುತ್ತದೆ, ನೂರು ಚದರ ಮೀಟರಿನ ಛಾವಣಿಯ ಮೇಲೆ ಅದು ಏಳೂವರೆ ಟನ್ನಾಗುತ್ತದೆ. ಹೀಗಾಗಿ ಕಿಟಕಿಗೆ ಹೊಡೆದ ಹಲಗೆಯು ಕಾಯುವುದು ಕಿಟಕಿಯೊಂದನ್ನೇ ಅಲ್ಲ, ಛಾವಣಿಯನ್ನೂ ಹೌದು. ಗಾಳಿಯ ಮರೆಯಲ್ಲಿರುವ ಕಿಟಕಿಯೊಂದನ್ನು ತೆರೆದಿಟ್ಟರೆ ಒತ್ತಡ ಸಮವಾಗಿ ಮನೆ ಉಳಿಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಇಲ್ಲಿ ತಿದ್ದಬೇಕಾಗುತ್ತದೆ. ಚಂಡಮಾರುತವು ಸುಳಿಯಾದುದರಿಂದ ಅದರ ಕೇಂದ್ರ ಸಾಗಿದಂತೆ ಗಾಳಿಯ ದಿಕ್ಕು ತಿರುಗುತ್ತದೆ, ಒಂದು ಗಂಟೆಯ ಹಿಂದೆ ಮರೆಯಲ್ಲಿದ್ದ ಕಿಟಕಿ ಮುಂದಿನ ಗಂಟೆಯಲ್ಲಿ ಗಾಳಿಗೆ ಎದುರಾಗುತ್ತದೆ.

ಬಲದ ಪ್ರಮಾಣದಷ್ಟೇ ಅದರ ಪುನರಾವರ್ತನೆಯೂ ಅಪಾಯಕಾರಿ ಎಂಬುದನ್ನು ಜಗತ್ತಿಗೆ ಕಲಿಸಿದ ನಗರ ಆಸ್ಟ್ರೇಲಿಯಾದ ಡಾರ್ವಿನ್. 1974ರ ಕ್ರಿಸ್‌ಮಸ್ ಹಬ್ಬದ ನಸುಕಿನಲ್ಲಿ ಟ್ರೇಸಿ ಚಂಡಮಾರುತವು ಆ ನಗರವನ್ನು ಹಾದುಹೋದಾಗ, ವಿಮಾನ ನಿಲ್ದಾಣದ ಗಾಳಿಮಾಪಕವು ಗಂಟೆಗೆ 217 ಕಿಲೋಮೀಟರ್ ದಾಖಲಿಸಿ ಕೆಟ್ಟುನಿಂತಿತು ಮತ್ತು ನಗರದ ಬಹುಪಾಲು ಮನೆಗಳು ವಾಸಕ್ಕೆ ಬಾರದಂತಾದವು. ಅನಂತರ ನಡೆದ ಪರಿಶೀಲನೆಯಲ್ಲಿ, ತಗಡಿನ ಛಾವಣಿಯು ಒಂದೇ ದೊಡ್ಡ ಹೊಡೆತಕ್ಕೆ ಕಿತ್ತುಹೋಗಿರಲಿಲ್ಲ, ಬದಲಿಗೆ ಗಾಳಿಯ ಏರಿಳಿತಕ್ಕೆ ಸಾವಿರಾರು ಬಾರಿ ಮೇಲೆ ಕೆಳಗೆ ಬಾಗಿ, ಸ್ಕ್ರೂ ತಲೆಗಳ ಸುತ್ತ ಸೀಳು ಬಿಟ್ಟು, ಕೊನೆಗೆ ಸ್ಕ್ರೂ ತಲೆಯನ್ನು ಅಲ್ಲಿಯೇ ಬಿಟ್ಟು ಹಾರಿತ್ತು ಎಂಬುದು ಬೆಳಕಿಗೆ ಬಂದಿತು. ಲೋಹವು ಹೀಗೆ ಪುನರಾವರ್ತಿತ ಬಾಗಿನಿಂದ ಕಡಿಮೆ ಬಲಕ್ಕೇ ಮುರಿಯುವುದನ್ನು ದಣಿವು ಎನ್ನುತ್ತಾರೆ. ಇದರ ಅಧ್ಯಯನಕ್ಕಾಗಿ 1977ರಲ್ಲಿ ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಚಂಡಮಾರುತ ಪರೀಕ್ಷಾ ಕೇಂದ್ರವೇ ಸ್ಥಾಪನೆಯಾಯಿತು. ತಾತ್ಕಾಲಿಕವಾಗಿ ಬಿಗಿದ ತಗಡು ಮೊದಲ ರಾತ್ರಿ ನಿಂತಿತು ಎಂಬ ಕಾರಣಕ್ಕೆ ಮೂರನೆಯ ವಾರವೂ ನಿಲ್ಲುತ್ತದೆ ಎಂದು ನಂಬಲಾಗದಿರುವುದಕ್ಕೆ ಈ ದಣಿವೇ ಕಾರಣ. ಮೊಳೆ ಮತ್ತು ಸ್ಕ್ರೂಗಳ ತಲೆಯ ಕೆಳಗೆ ಅಗಲವಾದ ವಾಷರ್ ಹಾಕಿ ಬಲವನ್ನು ಹೆಚ್ಚು ಜಾಗಕ್ಕೆ ಹರಡುವ ಪದ್ಧತಿಗೂ ಆಧಾರ ಇಲ್ಲಿಯೇ ಇದೆ.

ಹಲಗೆ ಎಂದಾಗ ಹೆಚ್ಚಿನವರು ಪ್ಲೈವುಡ್ಡನ್ನೇ ಆರಿಸುವುದಕ್ಕೆ ಕಾರಣವು ಅದರ ರಚನೆಯಲ್ಲಿದೆ. ಮರವು ತನ್ನ ಎಳೆಗಳ ಉದ್ದಕ್ಕೆ ಬಲಿಷ್ಠ, ಅಡ್ಡಕ್ಕೆ ದುರ್ಬಲ. ಅಡ್ಡಕ್ಕೆ ಎಳೆದರೆ ಸುಲಭವಾಗಿ ಸೀಳುತ್ತದೆ. ದಿಮ್ಮಿಯನ್ನು ತಿರುಗಿಸುತ್ತ ಅಲಗಿನಿಂದ ಸುಲಿದು ತೆಗೆದ ತೆಳುಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಬೆಸಸಂಖ್ಯೆಯಲ್ಲಿ ಜೋಡಿಸಿ, ಬಿಸಿ ಒತ್ತಡದಲ್ಲಿ ಅಂಟಿಸಿದಾಗ ಈ ದೌರ್ಬಲ್ಯವು ಎರಡೂ ದಿಕ್ಕುಗಳಿಗೆ ಹಂಚಿಹೋಗುತ್ತದೆ, ಅಂಚಿನ ಬಳಿ ಮೊಳೆ ಹೊಡೆದರೂ ಹಲಗೆ ಸೀಳುವುದಿಲ್ಲ. ತೇವಕ್ಕೆ ತಡೆಯುವ ಗುಣವು ಮರಕ್ಕಿಂತ ಅಂಟಿಗೆ ಸೇರಿದ್ದು: ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಮಾಡಿದ, ಅಂಗಡಿಯಲ್ಲಿ ಎಂ.ಆರ್. ಎಂದು ಮಾರುವ ಹಲಗೆಯು ಆರ್ದ್ರ ಗಾಳಿಯನ್ನು ತಾಳಿದರೂ ನೇರ ಮಳೆಗೆ ಪದರ ಬಿಡುತ್ತದೆ, ಫಿನಾಲ್ ಫಾರ್ಮಾಲ್ಡಿಹೈಡ್ ಬಳಸಿದ ಬಿ.ಡಬ್ಲ್ಯು.ಆರ್. ದರ್ಜೆಯದು ಮಳೆಗೂ ನಿಲ್ಲುತ್ತದೆ. ಬೆಲೆಯ ವ್ಯತ್ಯಾಸ ನೋಡಿ ಎಂ.ಆರ್. ಕೊಂಡು ತರುವವರು ಒಂದು ವಾರದ ಮಟ್ಟಿಗಾದರೆ ಸರಿಯಾದುದನ್ನೇ ಮಾಡಿದ್ದಾರೆ, ಒಂದು ಮಳೆಗಾಲಕ್ಕಾದರೆ ಇಲ್ಲ. ಮರದ ಹುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ, ಪೀಠೋಪಕರಣಗಳಿಗೆ ಬಳಸುವ ಹಲಗೆಗಳಂತೂ ನೀರು ಕುಡಿದು ಉಬ್ಬಿ ಪುಡಿಯಾಗುವುದರಿಂದ ಈ ಕೆಲಸಕ್ಕೆ ತಕ್ಕವಲ್ಲ.

ಹಲಗೆಯ ದಪ್ಪ ಮತ್ತು ಅದು ಆಸರೆಯಿಲ್ಲದೆ ದಾಟುವ ಅಂತರ ಇವೆರಡರ ಸಂಬಂಧವನ್ನು ಬಡಗಿಗಳು ಅನುಭವದಿಂದ ಬಲ್ಲರಾದರೂ ಅದರ ಹಿಂದಿನ ಗಣಿತ ಬೆರಗು ಹುಟ್ಟಿಸುವಂಥದು. ಸಮನಾಗಿ ಭಾರ ಹೊತ್ತ ಹಲಗೆಯ ಬಾಗು ಅದರ ದಪ್ಪದ ಘನಕ್ಕೆ ವಿಲೋಮವಾಗಿಯೂ, ಅಂತರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿಯೂ ಬದಲಾಗುತ್ತದೆ. ಎಂದರೆ 6 ಮಿಲಿಮೀಟರ್ ಹಲಗೆಯ ಬದಲು 12 ಮಿಲಿಮೀಟರಿನದನ್ನು ಬಳಸಿದರೆ ಬಾಗು ಎಂಟರಲ್ಲಿ ಒಂದು ಪಾಲಾಗುತ್ತದೆ. ಅದೇ ಹಲಗೆಯನ್ನು ಎರಡರಷ್ಟು ಅಗಲದ ಕಿಟಕಿಗೆ ಹೊಡೆದರೆ ಬಾಗು ಹದಿನಾರು ಪಟ್ಟಾಗುತ್ತದೆ. ಗಂಟೆಗೆ 108 ಕಿಲೋಮೀಟರ್ ಗಾಳಿಯಲ್ಲಿ 1.2 ಮೀಟರ್ ಅಗಲದ ಕಿಟಕಿಗೆ ಹೊಡೆದ 12 ಮಿಲಿಮೀಟರ್ ಪ್ಲೈವುಡ್ ನಡುವೆ ಸುಮಾರು ಒಂದೂವರೆ ಸೆಂಟಿಮೀಟರ್ ಬಾಗುತ್ತದೆ ಎಂದು ಲೆಕ್ಕ ತೋರಿಸುವುದರಿಂದ, ಒಳಗೆ ಗಾಜು ಇನ್ನೂ ಉಳಿದಿದ್ದರೆ ಹಲಗೆಗೂ ಅದಕ್ಕೂ ನಡುವೆ ತಕ್ಕಷ್ಟು ಬಿಡುವು ಬೇಕು. ಅಗಲವಾದ ತೆರಪಿಗೆ ಇನ್ನೂ ದಪ್ಪದ ಹಲಗೆ ಹುಡುಕುವುದಕ್ಕಿಂತ ಹಿಂದುಗಡೆ ನಡುವೆ ಒಂದು ಮರದ ಪಟ್ಟಿಯನ್ನು ಆಸರೆಯಾಗಿ ಕೊಟ್ಟು ಅಂತರವನ್ನು ಅರ್ಧಕ್ಕಿಳಿಸುವುದೇ ಜಾಣತನ. ಹೊರಪದರದ ಎಳೆಗಳು ಒಂದು ಆಸರೆಯಿಂದ ಇನ್ನೊಂದು ಆಸರೆಯ ಕಡೆಗೆ ಓಡುವಂತೆ ಹಲಗೆಯನ್ನು ಇಡುವುದೂ ಅಷ್ಟೇ ಮುಖ್ಯ, ಏಕೆಂದರೆ ಅಡ್ಡ ತಿರುಗಿಸಿ ಇಟ್ಟ ಹಲಗೆ ತನ್ನ ಬಿಗುಪಿನ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ.

ಇಷ್ಟಾದರೂ ಹಲಗೆಯೇ ಮುರಿದು ಭದ್ರತೆ ಕುಸಿಯುವುದು ಅಪರೂಪ. ಕುಸಿತವು ಸಾಮಾನ್ಯವಾಗಿ ಸಂಭವಿಸುವುದು ಹಲಗೆಯು ಗೋಡೆಯನ್ನು ಸೇರುವ ಕಡೆ. ಗಾಳಿಯ ಬಲವು ಹಲಗೆಯಿಂದ ಮೊಳೆಗೆ, ಮೊಳೆಯಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಗೋಡೆಗೆ, ಗೋಡೆಯಿಂದ ಅಡಿಪಾಯಕ್ಕೆ, ಅಲ್ಲಿಂದ ನೆಲಕ್ಕೆ ಎಲ್ಲಿಯೂ ಕಡಿಯದೆ ಇಳಿಯಬೇಕು. ಎಂಜಿನಿಯರುಗಳು ಇದನ್ನು ಭಾರದ ಹಾದಿ ಎನ್ನುತ್ತಾರೆ. ಈ ಹಾದಿ ಎಲ್ಲೆಲ್ಲಿ ಕಡಿದಿತ್ತು ಎಂಬುದನ್ನು 1992ರ ಆಗಸ್ಟ್ 24ರ ನಸುಕಿನಲ್ಲಿ ಫ್ಲಾರಿಡಾದ ಹೋಮ್‌ಸ್ಟೆಡ್ ಬಳಿ ಗಂಟೆಗೆ ಸುಮಾರು 265 ಕಿಲೋಮೀಟರ್ ವೇಗದಲ್ಲಿ ದಡ ಸೇರಿದ ಆಂಡ್ರ್ಯೂ ಚಂಡಮಾರುತವು ಬಯಲುಗೊಳಿಸಿತು. 60 ಸಾವಿರಕ್ಕೂ ಹೆಚ್ಚು ಮನೆಗಳು ನಾಶವಾದ ಆ ದುರಂತದ ಅವಶೇಷಗಳನ್ನು ಪರಿಶೀಲಿಸಿದಾಗ, ಛಾವಣಿಯ ಹಲಗೆಗಳನ್ನು ಬಿಗಿಯಲು ಬಳಸಿದ್ದ ಪಿನ್ನುಗಳು ಕೆಳಗಿನ ಪಕಾಸುಗಳಿಗೆ ತಗಲದೆ ಪಕ್ಕದ ಖಾಲಿ ಜಾಗಕ್ಕೆ ಇಳಿದಿದ್ದುದು ಎಷ್ಟೋ ಕಡೆ ಕಂಡುಬಂದಿತು. ಮೇಲಿನಿಂದ ನೋಡುವವರಿಗೆ ಎಲ್ಲವೂ ಭದ್ರವಾಗಿಯೇ ಕಾಣುತ್ತಿತ್ತು. ಭಾರದ ಹಾದಿ ಮಾತ್ರ ಅಲ್ಲಿ ಇರಲೇ ಇಲ್ಲ.

ತಾತ್ಕಾಲಿಕ ಹಲಗೆಯ ವಿಷಯದಲ್ಲಿ ಈ ಪಾಠವು ಎರಡು ರೀತಿಯಲ್ಲಿ ಅನ್ವಯಿಸುತ್ತದೆ. ಮೊದಲನೆಯದಾಗಿ, ಹಲಗೆಯನ್ನು ಕಿಟಕಿಯ ರೆಕ್ಕೆಗೋ ಅಲಂಕಾರದ ತೆಳುಪಟ್ಟಿಗೋ ಹೊಡೆಯದೆ ಗೋಡೆಯ ಗಟ್ಟಿ ಭಾಗಕ್ಕೆ ಹೊಡೆಯಬೇಕು. ಎರಡನೆಯದಾಗಿ, ಮೊಳೆಗಿಂತ ಸ್ಕ್ರೂ ಮೇಲು: ನಯವಾದ ಮೊಳೆಯನ್ನು ಹಿಡಿದಿರುವುದು ಮರದ ಎಳೆಗಳ ಘರ್ಷಣೆಯೊಂದೇ, ಮರ ನೆನೆದು ಒಣಗಿದಾಗ ಅದು ಸಡಿಲವಾಗುತ್ತದೆ, ಸ್ಕ್ರೂವಿನ ಎಳೆಗಳು ಮರದೊಳಗೆ ಕಚ್ಚಿಕೊಂಡಿರುವುದರಿಂದ ಅದನ್ನು ಕೀಳಲು ಮರವನ್ನೇ ಹರಿಯಬೇಕಾಗುತ್ತದೆ. ಅಮೆರಿಕದ ವಸತಿ ಕಟ್ಟಡ ಸಂಹಿತೆಯು ಕಿಟಕಿಗಳ ರಕ್ಷಣೆಗೆ ಕನಿಷ್ಠ 11 ಮಿಲಿಮೀಟರ್ ದಪ್ಪದ, ಎಂಟು ಅಡಿಗಿಂತ ಹೆಚ್ಚು ಅಂತರ ದಾಟದ ಮರದ ಹಲಗೆಗಳನ್ನು ಒಪ್ಪುತ್ತದೆ. ಅಂತರ ನಾಲ್ಕು ಅಡಿಯೊಳಗಿದ್ದರೆ 16 ಅಂಗುಲಕ್ಕೊಂದು, ಆರರಿಂದ ಎಂಟು ಅಡಿಯಿದ್ದರೆ 8 ಅಂಗುಲಕ್ಕೊಂದು ಸ್ಕ್ರೂವನ್ನು ಗೋಡೆಯ ಚೌಕಟ್ಟಿನೊಳಗೆ ಎರಡು ಅಂಗುಲ ಇಳಿಯುವಂತೆ ಹಾಕಬೇಕೆಂದು ಅದು ವಿಧಿಸುತ್ತದೆ. ಮರದ ಚೌಕಟ್ಟಿನ ಮನೆಗಳಿಗೆಂದು ಹೇಳಿದ ಈ ಅಳತೆಗಳನ್ನು ಇಟ್ಟಿಗೆ ಅಥವಾ ಜಂಬಿಟ್ಟಿಗೆಯ ಗೋಡೆಗೆ ನೇರವಾಗಿ ಅನ್ವಯಿಸುವಂತಿಲ್ಲ. ಅಲ್ಲಿ ಗೋಡೆಯಲ್ಲಿ ರಂಧ್ರ ಕೊರೆದು ಹಿಗ್ಗುವ ಬೋಲ್ಟು ಹಾಕುವುದು ಕ್ರಮ, ಅದೂ ಗಾರೆಯ ಸಂದಿಗೆ ಅಲ್ಲ, ಕಲ್ಲಿನ ಮೈಗೆ.

ಗೋಡೆಗೆ ರಂಧ್ರವನ್ನೇ ಕೊರೆಯದ ಇನ್ನೊಂದು ವಿಧಾನವೂ ಉಂಟು. ಹೊರಗೆ ಪ್ಲೈವುಡ್ ಹಲಗೆಯನ್ನೂ ಒಳಗೆ ಕಿಟಕಿಯ ಅಗಲಕ್ಕಿಂತ ಉದ್ದವಾದ ಎರಡು ಅಡ್ಡಪಟ್ಟಿಗಳನ್ನೂ ಇಟ್ಟು, ಎರಡನ್ನೂ ಉದ್ದನೆಯ ಬೋಲ್ಟುಗಳಿಂದ ಒಳಗಿನ ಕಡೆ ನಟ್ ಬರುವಂತೆ ಬಿಗಿದರೆ, ಗೋಡೆಯು ಹಲಗೆ ಮತ್ತು ಪಟ್ಟಿಗಳ ನಡುವೆ ಸಿಕ್ಕಿಕೊಂಡು ಹಲಗೆಯನ್ನು ತಾನೇ ಹಿಡಿದಿಡುತ್ತದೆ. ಇದರಲ್ಲಿ ಬಳಸುವ ಬೋಲ್ಟಿನ ತಲೆ ನುಣುಪಾಗಿ ದುಂಡಗಿದ್ದು ಪಾನಾಕ್ಕೂ ತಿರುಪುಳಿಗೂ ಸಿಗದಿರುವುದರಿಂದ ಹೊರಗಿನಿಂದ ಬಿಚ್ಚಲು ಬರುವುದಿಲ್ಲ. ಜನ ತೊರೆದುಹೋದ ಮನೆಗಳನ್ನು ಕಳ್ಳರಿಂದ ಕಾಯಲು ಅಮೆರಿಕದ ನಗರಗಳಲ್ಲಿ ರೂಢಿಗೆ ಬಂದ ಈ ಕ್ರಮವು ಗಾಳಿಯ ಹೀರುವಿಕೆಗೂ ಅಷ್ಟೇ ಸಮರ್ಥವಾಗಿ ಎದುರು ನಿಲ್ಲುತ್ತದೆ. ಅದರ ಕೊರತೆಯೆಂದರೆ ಕೊನೆಯ ತೆರಪನ್ನು ಮುಚ್ಚುವವರು ಹೊರಬರಲು ದಾರಿ ಬೇಕಾಗುವುದು. ಆದ್ದರಿಂದ ಒಂದು ಬಾಗಿಲನ್ನಾದರೂ ಬೀಗ ಹಾಕುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕು.

ಜನ ವಾಸಿಸುತ್ತಲೇ ಇರುವ ಮನೆಗೆ ಬಂದಾಗ ದಾರಿಯ ಪ್ರಶ್ನೆಯು ಜೀವದ ಪ್ರಶ್ನೆಯಾಗುತ್ತದೆ. ಎಲ್ಲ ಕಿಟಕಿಗಳಿಗೂ ಹೊರಗಿನಿಂದ ಹಲಗೆ ಹೊಡೆದ ಮನೆಯಲ್ಲಿ ಬೆಂಕಿ ಬಿದ್ದರೆ ಒಳಗಿನವರಿಗೆ ಹೊರಬೀಳಲು ದಾರಿಯಿಲ್ಲ, ಹೊರಗಿನವರಿಗೆ ಬೆಂಕಿ ಕಾಣುವುದೂ ಇಲ್ಲ. ವಿದ್ಯುತ್ತಿಲ್ಲದ ಆ ದಿನಗಳಲ್ಲಿ ಜನರೇಟರನ್ನು ಒಳಗೋ ಕಿಟಕಿಯ ಪಕ್ಕದಲ್ಲೋ ಇಟ್ಟು ನಡೆಸುವುದು ಇನ್ನೂ ದೊಡ್ಡ ಅಪಾಯ. ಪೆಟ್ರೋಲ್ ಅಪೂರ್ಣವಾಗಿ ಉರಿದಾಗ ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು ದೇಹವನ್ನು ಒಳಗಿನಿಂದಲೇ ಉಸಿರುಗಟ್ಟಿಸುತ್ತದೆ. 2004ರ ಫ್ಲಾರಿಡಾದ ನಾಲ್ಕು ಚಂಡಮಾರುತಗಳ ನಂತರ ಜನರೇಟರಿನ ಹೊಗೆಯಿಂದ ಸಂಭವಿಸಿದ ಇಂಥ ಸಾವುಗಳು ಎಷ್ಟಾದವೆಂದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳು ಅವುಗಳ ಬಗ್ಗೆ ಪ್ರತ್ಯೇಕ ವರದಿಯನ್ನೇ ಹೊರಡಿಸಬೇಕಾಯಿತು. ಗಾಳಿಯನ್ನು ತಾಳಿಕೊಂಡ ಕುಟುಂಬವು ಗಾಳಿಯಾಡದ ಮನೆಯಲ್ಲಿ ಸಾಯುವುದಕ್ಕಿಂತ ನೋವಿನ ಸಂಗತಿ ಮತ್ತೊಂದಿಲ್ಲ, ಮತ್ತು ಇದನ್ನು ತಪ್ಪಿಸಲು ಬೇಕಾದುದು ಜನರೇಟರನ್ನು ಮನೆಯಿಂದ ಹಲವು ಮೀಟರ್ ದೂರ ಬಯಲಿನಲ್ಲಿ ಇಡುವಷ್ಟು ಎಚ್ಚರ ಮಾತ್ರ.

ಛಾವಣಿಯ ಹೊದಿಕೆಯು ಕಿಟಕಿಯ ಹಲಗೆಗಿಂತ ಜಟಿಲವಾದುದು, ಏಕೆಂದರೆ ಟಾರ್ಪಾಲಿಗೆ ಬಿಗುಪು ಎಂಬುದೇ ಇಲ್ಲ. ಸಡಿಲವಾಗಿ ಹಾಸಿದ ಹಾಳೆಯ ಮೇಲೆ ಗಾಳಿ ಹಾಯುವಾಗ ಹಾಳೆ ಉಬ್ಬುತ್ತದೆ, ಉಬ್ಬಿದ ಕಡೆ ಗಾಳಿಯ ವೇಗ ಹೆಚ್ಚಿ ಒತ್ತಡ ಇನ್ನಷ್ಟು ಇಳಿಯುತ್ತದೆ, ಹಾಳೆ ಮತ್ತಷ್ಟು ಮೇಲೇಳುತ್ತದೆ. ಹೀಗೆ ಹುಟ್ಟಿದ ಫಡಫಡಿಕೆಯು ಮೂಲೆಯ ಉಂಗುರಗಳನ್ನು ಒಂದೇ ರಾತ್ರಿಯಲ್ಲಿ ಹರಿದುಹಾಕಬಲ್ಲದು. ಹಾಳೆಯ ಅಂಚನ್ನು ಮರದ ರೀಪಿಗೆ ಒಂದೆರಡು ಸುತ್ತು ಸುತ್ತಿ, ಆ ರೀಪನ್ನು ಛಾವಣಿಗೆ ಸ್ಕ್ರೂ ಹಾಕಿ ಬಿಗಿದು, ನಡುವೆಯೂ ಸಾಲುಸಾಲಾಗಿ ರೀಪು ಹೊಡೆಯುವುದರ ಉದ್ದೇಶವು ಬಲವನ್ನು ಬಿಂದುಗಳಿಂದ ರೇಖೆಗಳಿಗೆ ಹರಡುವುದೇ ಆಗಿದೆ. ಹಾಳೆಯು ಛಾವಣಿಯ ನೆತ್ತಿಯನ್ನು ದಾಟಿ ಇನ್ನೊಂದು ಇಳಿಜಾರಿನವರೆಗೆ ಹೋಗದಿದ್ದರೆ ಮೇಲಿನಿಂದ ಹರಿದ ನೀರು ಅದರ ಅಡಿಗೇ ನುಸುಳುತ್ತದೆ. ಎಲ್ಲಾದರೂ ತಗ್ಗು ಉಳಿದರೆ ಅಲ್ಲಿ ನೀರು ನಿಂತು, ಪ್ರತಿ ಸೆಂಟಿಮೀಟರ್ ಆಳಕ್ಕೆ ಚದರ ಮೀಟರಿಗೆ ಹತ್ತು ಕಿಲೋಗ್ರಾಂ ಭಾರ ಸೇರುತ್ತ, ತಗ್ಗು ತನ್ನನ್ನೇ ಆಳವಾಗಿಸಿಕೊಳ್ಳುತ್ತದೆ. ಹಾಳೆ ಹಾರದಿರಲೆಂದು ಮೇಲೆ ಕಲ್ಲು ಅಥವಾ ಇಟ್ಟಿಗೆ ಹೇರುವುದು ಎಲ್ಲೆಡೆ ಕಾಣುವ ರೂಢಿಯಾದರೂ ಅದನ್ನು ಬಿಡುವುದೇ ಲೇಸು, ಏಕೆಂದರೆ ಮುಂದಿನ ಬಿರುಗಾಳಿಯಲ್ಲಿ ಅವು ಕೆಳಗಿದ್ದವರ ತಲೆಯ ಮೇಲೆ ಬೀಳುತ್ತವೆ.

ಮಂಗಳೂರು ಹೆಂಚಿನ ಮಾಡಿಗೆ ಈ ವಿಧಾನ ಒಗ್ಗುವುದಿಲ್ಲ. ರೀಪುಗಳ ಮೇಲೆ ತನ್ನ ತೂಕದಿಂದಲೇ ಕುಳಿತ ಹೆಂಚಿಗೆ ಸ್ಕ್ರೂ ಹಾಕಲು ಬಾರದು, ಅದರ ಮೇಲೆ ನಡೆದಾಡಿದರೆ ಇನ್ನಷ್ಟು ಒಡೆಯುತ್ತದೆ. ಆದರೆ ಹೆಂಚುಗಳ ಸಂದಿಗಳಿಂದ ಗಾಳಿ ಸೋರಿ ಒಳಹೊರಗಿನ ಒತ್ತಡ ಕೆಲಮಟ್ಟಿಗೆ ಸಮವಾಗುವ ಅನುಕೂಲ ಆ ಮಾಡಿಗಿದೆ, ಮತ್ತು ಹಾರಿದ ಹೆಂಚುಗಳನ್ನಷ್ಟೇ ಕೆಳಗಿನಿಂದ ಬದಲಿಸಬಹುದಾದ್ದರಿಂದ ಶಾಶ್ವತ ದುರಸ್ತಿಯೇ ತಾತ್ಕಾಲಿಕ ಹೊದಿಕೆಗಿಂತ ಬೇಗ ಮುಗಿಯುತ್ತದೆ. ಕರಾವಳಿ ಮಲೆನಾಡುಗಳ ಮನೆಗಳಲ್ಲಿ ನಾಲ್ಕಾರು ಹೆಚ್ಚುವರಿ ಹೆಂಚುಗಳನ್ನು ಹಿತ್ತಲಲ್ಲಿ ಜೋಡಿಸಿಡುವ ಪದ್ಧತಿಯು ಈ ದೃಷ್ಟಿಯಿಂದ ಬಹಳ ಬುದ್ಧಿವಂತಿಕೆಯದು.

ಹೊದಿಕೆ ಎಷ್ಟೇ ಭದ್ರವಾಗಿದ್ದರೂ ಅದಕ್ಕೂ ಮೊದಲೇ ಒಳಸೇರಿದ ನೀರಿನ ಕೆಲಸ ನಿಲ್ಲುವುದಿಲ್ಲ. ಬೂಷ್ಟಿನ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲಿಯೂ ಇದ್ದೇ ಇರುತ್ತವೆ. ನೆನೆದ ಮೇಲ್ಮೈ ದೊರೆತರೆ 24ರಿಂದ 48 ಗಂಟೆಗಳೊಳಗೆ ಅವು ಬೆಳೆಯತೊಡಗುತ್ತವೆ. ಫ್ಲಾರಿಡಾದ ಮನೆಗಳ ಒಳಗೋಡೆಗಳು ಕಾಗದ ಹೊದಿಸಿದ ಜಿಪ್ಸಮ್ ಹಲಗೆಗಳಾದ್ದರಿಂದ ಆ ಕಾಗದವೇ ಅವುಗಳಿಗೆ ಆಹಾರ. ಮರದಲ್ಲಿ ತೇವಾಂಶವು ಅದರ ಒಣ ತೂಕದ ಶೇ. 20ರ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು, ಶೇ. 28ರಿಂದ 30ರ ಸುಮಾರಿಗೆ ಎಳೆಗಳ ಗೋಡೆಗಳು ನೀರಿನಿಂದ ತುಂಬಿಹೋಗಿ ಕೊಳೆತಕ್ಕೆ ತಕ್ಕ ಸ್ಥಿತಿ ಒದಗುತ್ತದೆ. ಆದ್ದರಿಂದ ಒದ್ದೆ ಮನೆಯನ್ನು ಎಲ್ಲ ಕಡೆಯಿಂದ ಬಿಗಿಯಾಗಿ ಮುಚ್ಚಿ ಬೀಗ ಹಾಕಿ ಹೋಗುವುದೆಂದರೆ ಬೂಷ್ಟಿಗೆ ಹದವಾದ ಕೋಣೆಯನ್ನು ಕಟ್ಟಿಕೊಟ್ಟಂತೆ. ಗಾಳಿಯ ಹೊಡೆತವನ್ನು ತಡೆಯಬೇಕು, ಗಾಳಿಯಾಡಲು ಬಿಡಬೇಕು ಎಂಬ ಈ ಇಕ್ಕಟ್ಟಿಗೆ ಮಲೆನಾಡಿನವರು ಮುಂಗಾರಿಗೆ ಮುನ್ನ ಜಗಲಿ ಅಂಗಳಗಳ ಬದಿಗೆ ಕಟ್ಟುವ ಅಡಕೆ ಸೋಗೆಯ ತಟ್ಟಿಯಲ್ಲಿ ಒಂದು ಉತ್ತರವಿದೆ: ಸೋಗೆಯ ಎಳೆಗಳು ಎರಚಲ ಹನಿಗಳನ್ನು ತಡೆದು ಕೆಳಗಿಳಿಸುತ್ತವೆ, ಗಾಳಿ ಮಾತ್ರ ತನ್ನ ರಭಸ ಕಳೆದುಕೊಂಡು ಸಂದಿಗಳಿಂದ ಒಳಬರುತ್ತದೆ, ಇದರಿಂದ ತಟ್ಟಿಯ ಮೇಲಿನ ಬಲವೂ ಕಡಿಮೆ. ಚಂಡಮಾರುತದ ವೇಗಕ್ಕೆ ತಟ್ಟಿ ನಿಲ್ಲದು, ಆದರೆ ಅದರ ಹಿಂದಿನ ತತ್ತ್ವವನ್ನು ಹಲಗೆಗೂ ತರಬಹುದು. ಗಾಳಿಯ ಮರೆಯಲ್ಲಿರುವ ಕಡೆಯ ಹಲಗೆಗಳ ಮೇಲಂಚಿನಲ್ಲಿ ರಂಧ್ರಗಳನ್ನು ಕೊರೆದು ಮೇಲೆ ಸಣ್ಣ ಚಾಚು ಕೊಟ್ಟರೆ ತೇವದ ಗಾಳಿ ಹೊರಹೋಗುತ್ತದೆ, ಮಳೆ ಒಳಬರುವುದಿಲ್ಲ.

ವಿಮೆಯ ನಿಯಮಗಳೂ ಈ ತುರ್ತನ್ನು ಗುರುತಿಸುತ್ತವೆ. 2021ರ ಏಪ್ರಿಲ್ 1ರಿಂದ ಭಾರತದಲ್ಲಿ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯು ಬಿರುಗಾಳಿ ಮತ್ತು ಚಂಡಮಾರುತದ ಹಾನಿಯನ್ನು ಒಳಗೊಂಡಿದೆ. ನಷ್ಟವಾದ ಮೇಲೆ ಅದು ಹೆಚ್ಚದಂತೆ ತಕ್ಕ ಕ್ರಮ ಕೈಗೊಳ್ಳುವುದು ಮನೆಯವರ ಹೊಣೆ ಎಂಬುದು ಇಂಥ ಪಾಲಿಸಿಗಳ ಸಾಮಾನ್ಯ ಷರತ್ತು. ಮುಚ್ಚುವ ಮುನ್ನ ಒಡೆದ ಭಾಗಗಳ ಚಿತ್ರ ತೆಗೆದು, ಹಲಗೆ ಟಾರ್ಪಾಲುಗಳ ರಸೀದಿ ಇಟ್ಟುಕೊಂಡರೆ ಸರ್ವೇಯರ್ ಬರುವವರೆಗೆ ಮಳೆಗೆ ಮನೆಯನ್ನು ಒಡ್ಡಿ ಕಾಯಬೇಕಾಗುವುದಿಲ್ಲ.

ತಾತ್ಕಾಲಿಕ ಹೊದಿಕೆಗೆ ಎದುರಾಗುವ ಅತಿ ದೊಡ್ಡ ಪರೀಕ್ಷೆ ಗಾಳಿಯದಲ್ಲ, ಕಾಲದ್ದು. ಅಮೆರಿಕದ ಸೇನಾ ಎಂಜಿನಿಯರುಗಳ ದಳವು ಚಂಡಮಾರುತಗಳ ನಂತರ ನೀಲಿ ಛಾವಣಿ ಕಾರ್ಯಾಚರಣೆ ಎಂಬ ಹೆಸರಿನಲ್ಲಿ, ಹೆಚ್ಚು ಕುಸಿಯದ ಮನೆಗಳಿಗೆ ಉಚಿತವಾಗಿ ಬಲಪಡಿಸಿದ ಪ್ಲಾಸ್ಟಿಕ್ ಹಾಳೆಯನ್ನು ರೀಪು ಹೊಡೆದು ಹೊದಿಸಿಕೊಡುತ್ತದೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತವು ಪೋರ್ಟೊ ರಿಕೊ ದ್ವೀಪವನ್ನು ಧ್ವಂಸಗೊಳಿಸಿದ ಮೇಲೆ ಅಲ್ಲಿ ಇಂಥ ಸುಮಾರು 60 ಸಾವಿರ ಹೊದಿಕೆಗಳನ್ನು ಹಾಕಲಾಯಿತು. ಕೆಲವು ವಾರಗಳಿಗೆಂದು ಹಾಕಿದ ಹಾಳೆಗಳ ಅಡಿಯಲ್ಲಿ ಎಷ್ಟೋ ಕುಟುಂಬಗಳು ಮುಂದಿನ ಚಂಡಮಾರುತದ ಋತುವನ್ನೂ ಅದರ ಮರುವರ್ಷದ ಋತುವನ್ನೂ ಕಳೆದವು. ಪಾಲಿಎಥಿಲೀನ್ ಹಾಳೆಯ ಉದ್ದನೆಯ ಅಣುಸರಪಳಿಗಳನ್ನು ಸೂರ್ಯನ ಅತಿನೇರಳೆ ಕಿರಣಗಳು ಆಮ್ಲಜನಕದ ನೆರವಿನಿಂದ ತುಂಡರಿಸುತ್ತವೆ. ಉಷ್ಣವಲಯದ ಬಿಸಿಲಿನಲ್ಲಿ ಸಾಮಾನ್ಯ ದರ್ಜೆಯ ಹಾಳೆಯು ಕೆಲವೇ ತಿಂಗಳುಗಳಲ್ಲಿ ಪೆಡಸಾಗಿ ಸಿಪ್ಪೆಯೇಳುತ್ತದೆ. ಈ ಕಿರಣಗಳನ್ನು ಹೀರಿಕೊಳ್ಳುವ ಇಂಗಾಲದ ಮಸಿಯನ್ನು ಬೆರೆಸಿದ ಕಪ್ಪು ಹಾಳೆಯು ಹೆಚ್ಚು ಕಾಲ ಬಾಳಿದರೂ ಮನೆಯನ್ನು ಕಾಯಿಸುತ್ತದೆ. ದುರಸ್ತಿಗೆ ಹಣವಿಲ್ಲದ, ಜಮೀನಿನ ಕಾಗದಪತ್ರ ಸರಿಯಿಲ್ಲದೆ ನೆರವು ದೊರೆಯದ ಮನೆಗಳಲ್ಲಿಯೇ ಹಾಳೆ ಅತಿ ಹೆಚ್ಚು ಕಾಲ ಉಳಿಯುವುದರಿಂದ, ಎರಡನೆಯ ಹಾನಿಯು ಮೊದಲನೆಯದರಂತೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ.

ಈ ಅನುಭವಗಳಿಂದ ಕಟ್ಟಡ ವಿಜ್ಞಾನಿಗಳು ತಲುಪಿದ ಪರಿಹಾರವೆಂದರೆ ಗಾಳಿಯ ನಂತರ ಹಾಕುವ ಹೊದಿಕೆಯ ಕೆಲಸವನ್ನು ಗಾಳಿಗೆ ಮುನ್ನವೇ ಛಾವಣಿಯೊಳಗೆ ಸೇರಿಸಿಬಿಡುವುದು. ಅಮೆರಿಕದ ಮನೆಗಳ ಛಾವಣಿಯಲ್ಲಿ ಪಕಾಸುಗಳ ಮೇಲೆ ಹೊಡೆದ ಪ್ಲೈವುಡ್ ಹಲಗೆಗಳ ನಡುವಿನ ಸಂದಿಗಳೇ, ಮೇಲಿನ ಹೊರಪದರ ಹಾರಿಹೋದಾಗ, ನೀರು ಒಳಬರುವ ಮುಖ್ಯ ದಾರಿಗಳು. ದಕ್ಷಿಣ ಕ್ಯಾರೊಲಿನಾದ ರಿಚ್‌ಬರ್ಗಿನಲ್ಲಿ ವಿಮಾ ಸಂಸ್ಥೆಗಳು 2010ರಲ್ಲಿ ತೆರೆದ ಸಂಶೋಧನಾ ಕೇಂದ್ರವು 105 ಬೃಹತ್ ಫ್ಯಾನುಗಳ ಎದುರು ಪೂರ್ಣಗಾತ್ರದ ಮನೆಯನ್ನೇ ನಿಲ್ಲಿಸಿ ಗಾಳಿ ಮಳೆಗಳನ್ನು ಎರಚಿ ನೋಡಿದಾಗ, ಸಂದಿಗಳನ್ನು ಮುಚ್ಚಿದ ಛಾವಣಿಗೂ ಮುಚ್ಚದ ಛಾವಣಿಗೂ ಒಳಸೇರುವ ನೀರಿನ ಪ್ರಮಾಣದಲ್ಲಿ ಬಹಳ ದೊಡ್ಡ ಅಂತರ ಕಂಡಿತು. ಫ್ಲಾರಿಡಾ ರಾಜ್ಯವು 2007ರಿಂದಲೇ ಹಳೆಯ ಮನೆಗಳಿಗೆ ಹೊಸ ಛಾವಣಿ ಹೊದಿಸುವಾಗ ಅಡಿಹಲಗೆಗಳಿಗೆ ಮತ್ತೆ ಮೊಳೆ ಹೊಡೆದು ಬಲಪಡಿಸುವುದನ್ನೂ, ಎರಡನೆಯ ನೀರುತಡೆಯೊಂದನ್ನು ಕೊಡುವುದನ್ನೂ ಕಡ್ಡಾಯ ಮಾಡಿದೆ; ನಾಲ್ಕು ಅಂಗುಲ ಅಗಲದ ಅಂಟುಪಟ್ಟಿಯನ್ನು ಹಲಗೆಗಳ ಪ್ರತಿ ಸಂದಿಯ ಮೇಲೂ ಎಳೆಯುವುದು ಈ ತಡೆಯ ಅತ್ಯಂತ ಅಗ್ಗದ ರೂಪ, ಮತ್ತು ಹೊರಪದರ ಕಿತ್ತಿರುವ ಆ ಒಂದೆರಡು ದಿನಗಳಲ್ಲಿ ಬಿಟ್ಟರೆ ಅದನ್ನು ಹಾಕಲು ಬೇರೆ ಅವಕಾಶ ಸಿಗುವುದಿಲ್ಲ.